ಇಳಿದದ್ದಾ, ಇಳಿಸಿದ್ದಾ?

ಸಾಮಾಜಿಕ ಸಮಸ್ಯೆಗಳ ಬಗ್ಗೆ ಹಾಡು ಬರೆಯುವುದು ಹೇಗೆ ಅಂತ ಮಾತಾಡಿ ಎಂದಿದ್ದಾರೆ. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ನಿಲುಕುವುದಿಲ್ಲ. ಒಂದು ಹಾಡಿನ ಕಥೆ ಹೇಳುತ್ತೇನೆ. ಅದರಲ್ಲೂ ಅರ್ಧ ಹೊತ್ತು ಒಂದೇ ಪದದ ಬಗ್ಗೆ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮ್ಯಾನ್‌ಹೋಲ್‌ನಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಉಸಿರುಗಟ್ಟಿ ಸಾಯುವವರ ಬಗ್ಗೆ ನಮ್ಮ ತಂಡ ಹಾಡುವ ಹಾಡು ಅದು. ನಾವು ಆರು ಜನ, ಎರಡು ತಮಟೆ, ಒಂದು ಡೋಲಕ್ಕು. ಮೈಕು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಸುದ್ದಿ ಪೇಪರಿನಲ್ಲಿ ಹೇಗೆ ಬರುತ್ತದೆ ನೋಡಿದ್ದೀರಲ್ವಾ? ‘ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರ ಸಾವು.’ ಕೆಳಗೆ ನಾಲ್ಕು ಸಾಲು. ಮೊದಲು ಒಬ್ಬ ಇಳಿದ, ಪ್ರಜ್ಞೆ ತಪ್ಪಿದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಮೇಲೆ ಬರಲಿಲ್ಲ. ಊರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ಮಿಕ್ಕಿದ್ದೆಲ್ಲ ಅದೇ. ಒಬ್ಬರ ಹಿಂದೆ ಇನ್ನೊಬ್ಬರು ಯಾಕೆ ಹೀಗೆ ಸಾಯುತ್ತಾರೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಳಗೆ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದಾಗ ಮೂಗೇ ಕೆಲಸ ನಿಲ್ಲಿಸಿಬಿಡುತ್ತದೆ, ವಾಸನೆ ಹೋಯಿತು ಅನ್ನಿಸುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂದುಕೊಳ್ಳುವ ಹೊತ್ತಿಗೇ ಮನುಷ್ಯ ಬಿದ್ದಿರುತ್ತಾನೆ. ಮೇಲೆ ನಿಂತವನಿಗೆ ಗ್ಯಾಸ್ ಕಾಣುವುದಿಲ್ಲ. ತನ್ನ ತಮ್ಮನೋ ಬಾಮೈದನೋ ಕೆಳಗೆ ಬಿದ್ದಿರುವುದು ಮಾತ್ರ ಕಾಣುತ್ತದೆ. ಅವನು ಯೋಚನೆ ಮಾಡುತ್ತಾ ನಿಲ್ಲುತ್ತಾನಾ?

ಈ ವಿಷಯದ ಮೇಲೆ ನಾನು ಮೊದಲು ಬರೆದದ್ದು 2010ರಲ್ಲಿ. ಆ ವರ್ಷ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದ ಕೆಲವರು ಪುರಸಭೆ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದರು. ಇದ್ದ ಮನೆಗಳಿಂದ ಅವರನ್ನು ಎಬ್ಬಿಸಲು ಹೊರಟಿದ್ದರು. ಆ ಫೋಟೋ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 70ರ ದಶಕದಲ್ಲೇ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ಇದು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವುದರೊಳಗೆ ಒಂದು ಪದ್ಯ ಬರೆದೆ. ಅದು ಕೆಟ್ಟ ಪದ್ಯ. ‘ಅಯ್ಯೋ’ ಅನ್ನುವ ಮಾತು ಅದರಲ್ಲಿ ಹನ್ನೊಂದು ಸಲ ಇತ್ತು, ಆಮೇಲೆ ಎಣಿಸಿದೆ. ಒಂದು ಸಭೆಯಲ್ಲಿ ಓದಿದೆ. ಜನ ಕಣ್ಣು ಒರೆಸಿಕೊಂಡರು, ಚಪ್ಪಾಳೆ ಹೊಡೆದರು, ಬಿಸಿಬೇಳೆ ಬಾತ್ ತಿಂದು ಮನೆಗೆ ಹೋದರು. ನಾನೂ ತಿಂದೆ. ಪದ್ಯದಲ್ಲಿ ತಪ್ಪು ಏನಿದೆ ಅಂತ ಆಗ ಗೊತ್ತಾಗಲಿಲ್ಲ. ಅತ್ತು ಹಗುರಾಗುವುದಕ್ಕೆ ಒಂದು ಜಾಗ ಮಾಡಿಕೊಟ್ಟಿದ್ದೆ ಅಷ್ಟೆ.

ಹಾಡು ಅಂತ ಕೂತು ಬರೆದದ್ದು ಅದಾದ ಎಷ್ಟೋ ವರ್ಷಕ್ಕೆ. ಒಂದು ಸಾವಿನ ಮಾರನೇ ದಿನ ಆ ಜಾಗಕ್ಕೆ ಹೋಗಿದ್ದೆ. ಮುಚ್ಚಳದ ಸುತ್ತ ಬ್ಯಾರಿಕೇಡ್ ಇಟ್ಟಿದ್ದರು. ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಒಂದು ಶರ್ಟು ಮಡಿಸಿ ಇಟ್ಟದ್ದು ಹಾಗೇ ಇತ್ತು. ಮಡಿಸಿದ್ದು, ಬಿಸಾಕಿದ್ದಲ್ಲ. ಜೇಬಿನಲ್ಲಿ ಬೀಡಿ ಕಟ್ಟು ಉಬ್ಬಿಕೊಂಡು ಕಾಣುತ್ತಿತ್ತು. ಕೆಳಗೆ ಎರಡು ಜೊತೆ ಚಪ್ಪಲಿ, ಒಂದು ಜೊತೆ ಸಾಲಾಗಿ ಬಿಟ್ಟದ್ದು, ಇನ್ನೊಂದು ಜೊತೆಯಲ್ಲಿ ಒಂದು ಇಲ್ಲಿ, ಒಂದು ಆಚೆ ಮೂರು ಹೆಜ್ಜೆ ದೂರ. ಯಾರು ಮೊದಲು ಇಳಿದರು, ಯಾರು ಆಮೇಲೆ ಓಡಿಬಂದರು ಅಂತ ಚಪ್ಪಲಿ ನೋಡಿದರೇ ಗೊತ್ತಾಗುತ್ತಿತ್ತು.

ಬರೆಯುವವನ ಚಟ ನೋಡಿ. ಮನೆಗೆ ಬರುವ ದಾರಿಯಲ್ಲೇ ಸಾಲು ಹೊಳೆಯಿತು. ಚಪ್ಪಲಿ ಬಿಟ್ಟು ಹೋದ ಅಪ್ಪ ಯಾವ ಗುಡಿಯ ಒಳಗೆ ಹೋದ ಅಂತ ಮಗು ಕೇಳುವ ಹಾಗೆ. ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಎರಡು ತಿಂಗಳು ಅದನ್ನು ಇಟ್ಟುಕೊಂಡಿದ್ದೆ. ಆಮೇಲೆ ತೆಗೆದೆ. ಆ ಮಗುವನ್ನು ನಾನು ನೋಡಿರಲಿಲ್ಲ. ಅಲ್ಲದೆ ಗುಡಿಯ ಮಾತು ಬಂದ ತಕ್ಷಣ ಸತ್ತವನು ಏನೋ ಒಂಥರಾ ದೇವರ ಹತ್ತಿರದವನಾಗಿಬಿಡುತ್ತಾನೆ, ಕೇಳುವವರಿಗೆ ನೆಮ್ಮದಿಯಾಗುತ್ತದೆ. ಶರ್ಟು ಮಡಿಸಿಟ್ಟದ್ದನ್ನು ಮಾತ್ರ ಉಳಿಸಿಕೊಂಡೆ. ಅದಕ್ಕೆ ನನ್ನ ಕಡೆಯಿಂದ ಏನೂ ಸೇರಿಸಲಿಲ್ಲ.

ಮೊದಲ ಪಲ್ಲವಿ ಹೀಗಿತ್ತು:

ಊರ ನೀರು ಹರಿಯುವಲ್ಲಿ ಇಳಿದೆ ಯಾಕಣ್ಣಾ
ಗಾಳಿಯಿಲ್ಲದ ಗುಂಡಿಯಲ್ಲಿ ಉಳಿದೆ ಯಾಕಣ್ಣಾ

ಇಳಿದೆ, ಉಳಿದೆ. ಪ್ರಾಸ ತಾನಾಗೇ ಬಂದು ಕೂತಿತು ಅಂತ ಖುಷಿಯೋ ಖುಷಿ. ರಾಗ ಹಾಕಿದೆವು. ತಂಡದವರು ಒಪ್ಪಿದರು. ಹೊರಗೆಲ್ಲೂ ಹಾಡುವ ಮುಂಚೆ, ಹಾಡು ಯಾರ ಬಗ್ಗೆಯೋ ಅವರ ಮುಂದೆ ಹಾಡೋಣ ಅಂದದ್ದು ನಮ್ಮ ತಮಟೆ ಹುಡುಗ. ಅವನ ಅಮ್ಮ ಪೌರಕಾರ್ಮಿಕರು. ಬೆಂಗಳೂರಿನಲ್ಲಿ ಅವರಿರುವ ಕಾಲೋನಿಗೆ ಹೋದೆವು. ಸಂಜೆ ಏಳು ಗಂಟೆ, ಬೀದಿಯಲ್ಲೇ ನಿಂತು ಹಾಡಿದೆವು, ಒಂದು ಮೂವತ್ತು ಜನ ಇದ್ದರು. ಬೆಳಿಗ್ಗೆ ಆರಕ್ಕೆ ಹೋಗಿ ದುಡಿದು ಬಂದವರು. ಹೆಂಗಸರು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಕೇಳಿದರು.

ಹಾಡು ಮುಗಿಯಿತು. ಯಾರೂ ಅಳಲಿಲ್ಲ, ಚಪ್ಪಾಳೆಯೂ ಇಲ್ಲ. ವಯಸ್ಸಾದ ಒಬ್ಬರು ಪಕ್ಕದವರ ಹತ್ತಿರ ಏನೋ ಅಂದರು. ಏನಮ್ಮಾ ಅಂದೆ. “ದಿಗಲೇದು ಸಾರ್, ದಿಂಪಿನಾರು” ಅಂದರು.

ನಮ್ಮ ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹಳ ಜನರ ಮನೆಮಾತು ತೆಲುಗು, ನಿಮಗೆ ಗೊತ್ತಿರಬಹುದು. ನನಗೆ ತೆಲುಗು ಅಷ್ಟಕ್ಕಷ್ಟೆ. ಹುಡುಗ ಬಿಡಿಸಿ ಹೇಳಿದ. ಅವನು ಇಳಿಯಲಿಲ್ಲ ಸಾರ್, ಇಳಿಸಿದರು, ಅಂತಿದ್ದಾರೆ.

ಆ ಸಾಲನ್ನು ಬರೆದು ತಿದ್ದಿ ಹಾಡಿ ಎಷ್ಟು ದಿನವಾಗಿತ್ತು, ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ. ಪೇಪರಿನವರು ಇಳಿದ ಅಂತ ಬರೆಯುತ್ತಾರೆ, ನಾನೂ ಇಳಿದೆ ಅಂತ ಬರೆದೆ. ಅದರ ಮೇಲೆ ‘ಯಾಕಣ್ಣಾ’ ಅಂತ ಸತ್ತವನನ್ನೇ ಪ್ರಶ್ನೆ ಬೇರೆ ಕೇಳಿದ್ದೆ. ಆ ಅಮ್ಮನ ಅಳಿಯ ಹೀಗೇ ಹೋಗಿದ್ದ. ಮೇಸ್ತ್ರಿ ಪೊಲೀಸರ ಮುಂದೆ ‘ನಾನೇನೂ ಹೇಳಲಿಲ್ಲ, ಅವನೇ ಇಳಿದ’ ಅಂದಿದ್ದನಂತೆ. ಅಂದರೆ ನನ್ನ ಪಲ್ಲವಿ ಮೇಸ್ತ್ರಿಯ ಹೇಳಿಕೆಯೇ. ರಾಗ ಮಾತ್ರ ನಮ್ಮದು.

ಇಲ್ಲಿ ಸ್ವಲ್ಪ ಕಾನೂನಿನ ಮಾತು ಹೇಳಬೇಕು. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಅಂತ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. 2013ರ ಕಾನೂನಿನ 7ನೇ ಸೆಕ್ಷನ್ ಪ್ರಕಾರ ಒಳಚರಂಡಿಯ, ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸಕ್ಕೆ ಯಾರೂ ಯಾರನ್ನೂ ಹಚ್ಚುವಂತಿಲ್ಲ. ನಗರಸಭೆಯಾದರೂ ಅಷ್ಟೆ, ಕಂಟ್ರಾಕ್ಟರ್ ಆದರೂ ಅಷ್ಟೆ, ನೀವು ನಾವಾದರೂ ಅಷ್ಟೆ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು 1993ರಿಂದ ಈಚೆಗೆ ಹೀಗೆ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಹೇಳಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು. ಕಾನೂನು ಓದಿದರೆ ಶಿಕ್ಷೆ ಇರುವುದು ಇಳಿದವನಿಗಲ್ಲ, ಇಳಿಸಿದವನಿಗೆ. ಅಷ್ಟು ಪುಟಗಳಲ್ಲಿ ಬರೆದಿಟ್ಟದ್ದನ್ನು ಆ ಅಮ್ಮ ಸೊಪ್ಪು ಬಿಡಿಸುತ್ತಾ ಎರಡು ಪದದಲ್ಲಿ ಹೇಳಿದ್ದರು.

ನಮ್ಮ ಭಾಷೆ ನೋಡಿ ಎಷ್ಟು ಅನುಕೂಲ ಮಾಡಿಕೊಟ್ಟಿದೆ. ನಡುವೆ ಒಂದು ‘ಸಿ’ ಸೇರಿಸಿದರೆ ಸಾಕು, ಮಾಡಿದವನ ಹಿಂದೆ ಮಾಡಿಸಿದವನು ಬಂದು ನಿಲ್ಲುತ್ತಾನೆ. ಇಳಿದ, ಇಳಿಸಿದ. ಪಲ್ಲವಿ ಹೀಗಾಯಿತು:

ಊರ ನೀರು ಹರಿಯುವಲ್ಲಿ ಇಳಿಸಿದ್ಯಾರಣ್ಣಾ
ಗಾಳಿಯಿಲ್ಲದ ಬಾವಿಯಲ್ಲಿ ಉಳಿಸಿದ್ಯಾರಣ್ಣಾ

ಪ್ರಾಸ ಹಾಳಾಗುತ್ತದೆ ಅಂತ ಹೆದರಿದ್ದೆ, ಹಾಳಾಗಲಿಲ್ಲ. ಇನ್ನೊಂದು ಲಾಭವೂ ಆಯಿತು. ಉಳಿಸಿದ್ಯಾರು ಅಂದರೆ ಅಲ್ಲೇ ಬಿಟ್ಟವರು ಯಾರು ಅಂತಲೂ ಆಗುತ್ತದೆ, ಕಾಪಾಡಿದವರು ಯಾರು ಅಂತಲೂ ಆಗುತ್ತದೆ. ಇದು ನನ್ನ ಜಾಣತನ ಅಂತ ಯಾರಾದರೂ ಹೊಗಳಿದರೆ ಸುಮ್ನೆ ನಕ್ಕುಬಿಡುತ್ತೇನೆ.

‘ಗುಂಡಿ’ ಹೋಗಿ ‘ಬಾವಿ’ ಬಂದದ್ದನ್ನು ಗಮನಿಸಿರಬಹುದು. ಅದು ತೆಲುಗಿನ ಕಾರಣಕ್ಕೆ. ಊರು, ನೀರು, ಗಾಳಿ, ಬಾವಿ, ಅಣ್ಣ, ಇವೆಲ್ಲ ಎರಡೂ ಕಡೆ ನಡೆಯುತ್ತವೆ. ಹಾಡು ಯಾರ ಬಗ್ಗೆಯೋ ಅವರಿಗೆ ಪಲ್ಲವಿಯಾದರೂ ಅರ್ಥವಾಗಬೇಕಲ್ಲ. ಕೆಜಿಎಫ್ ಕಡೆ ಹೋದರೆ ತಮಿಳೂ ಬೇಕು, ಅಲ್ಲಿಗೆ ಇನ್ನೂ ನಮ್ಮ ಹಾಡು ಸರಿಹೋಗಿಲ್ಲ. ಕೆಜಿಎಫ್ ಅಂದಾಗ ನೆನಪಾಯಿತು, ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವ ಬೆಜವಾಡ ವಿಲ್ಸನ್ ಅಲ್ಲಿಯವರೇ, ಚಿನ್ನದ ಗಣಿಯ ಕಾಲೋನಿಯಲ್ಲಿ ತೆಲುಗು ಮನೆಯಲ್ಲಿ ಹುಟ್ಟಿದವರು. ಅವರ ಮನೆಯವರೂ ಇದೇ ಕೆಲಸದಲ್ಲಿದ್ದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಗಾಯಕ ಟಿ.ಎಂ. ಕೃಷ್ಣ ಅವರಿಗೂ ಬಂತು. ನನಗೆ ಆ ಜೋಡಿ ಬಹಳ ಇಷ್ಟ.

ಸರಿ, ಇಳಿಸಿದ್ದು ಯಾರು ಅಂತ ಕೇಳಿದ ಮೇಲೆ ಉತ್ತರ ಬೇಕಲ್ಲ. ನಾನು ಮೊದಲು ಬರೆದ ಉತ್ತರ ‘ವ್ಯವಸ್ಥೆ’. ನಮ್ಮ ಹಾಡುಗಳಲ್ಲಿ ವ್ಯವಸ್ಥೆ ಅನ್ನುವವನು ಒಬ್ಬ ಇದ್ದಾನೆ, ಎಲ್ಲ ತಪ್ಪನ್ನೂ ಅವನ ಮೇಲೆ ಹಾಕಬಹುದು, ಅವನು ಯಾವತ್ತೂ ಎದುರಿಗೆ ಸಿಗುವುದಿಲ್ಲ. ಆ ನುಡಿ ಹಾಡಿದಾಗ ನನಗೇ ನಗು ಬಂತು.

ಆಗ ನೆನಪಾದದ್ದು ನಮ್ಮ ಮನೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಹಿತ್ತಲಿನ ಪಿಟ್ಟು ತುಂಬಿತ್ತು. ಅಪ್ಪ ಇಬ್ಬರನ್ನು ಕರೆಸಿದರು. ಕಲ್ಲುಚಪ್ಪಡಿ ಸರಿಸಿ ಸ್ವಲ್ಪ ಹೊತ್ತು ಬಿಟ್ಟು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಬಕೆಟ್ಟು ಹಗ್ಗ ಹಿಡಿದು ಒಬ್ಬರು ಇಳಿದರು. ಇಳಿಯುವ ಮುಂಚೆ ಕುಡಿಯಲು ಅಪ್ಪ ಒಂದು ಕ್ವಾರ್ಟರ್ ತಂದುಕೊಟ್ಟಿದ್ದರು, ನಮ್ಮಪ್ಪ ಜೀವಮಾನದಲ್ಲಿ ಬ್ರಾಂದಿ ಅಂಗಡಿ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ ಇರಬೇಕು. ಕೆಲಸ ಮುಗಿದ ಮೇಲೆ ಅಮ್ಮ ಹೊಸ ಸೋಪು ಕೊಟ್ಟು, ಕೊಳಾಯಿ ಮುಟ್ಟಿಸದೆ, ಬಿಂದಿಗೆಯಿಂದ ಎತ್ತರದಲ್ಲಿ ನೀರು ಹುಯ್ದರು. ಸೋಪನ್ನು ಅವರೇ ತೆಗೆದುಕೊಂಡು ಹೋಗಲಿ ಅಂದರು. ಅವತ್ತು ಎಂಥ ಒಳ್ಳೆಯ ಅಮ್ಮ ಅಂದುಕೊಂಡಿದ್ದೆ.

ಯಾರೂ ಸಾಯಲಿಲ್ಲ, ಅದೃಷ್ಟ. ಆದರೆ ಇಳಿಸಿದ್ಯಾರಣ್ಣಾ ಅಂತ ಹಾಡುವಾಗ ನನಗೆ ಕಾಣುವುದು ಆ ಹಿತ್ತಲು. ಅದನ್ನಿಟ್ಟುಕೊಂಡು ಬರೆದ ನುಡಿ ಇದು:

ನಾನಲ್ಲಪ್ಪ ಅಂದ ಮೇಸ್ತ್ರಿ, ಸಾಹೇಬ್ರು ಹೇಳಿದ್ರು
ನಾನಲ್ಲಪ್ಪ ಅಂದ್ರು ಸಾಹೇಬ್ರು, ಕಂಟ್ರಾಕ್ಟು ಕೊಟ್ಟಿದ್ವಿ
ನಾನಲ್ಲಪ್ಪ ಅಂದ ಕಂಟ್ರಾಕ್ಟ್ರು, ಮನೆಯೋರು ಕರೆದಿದ್ರು
ಮನೆಯೋರೆಲ್ಲ ಬಾಗ್ಲು ಹಾಕಿ ನೀರು ಬಿಟ್ಕೊಂಡ್ರು

ಇದನ್ನು ಕಾಲೋನಿಯಲ್ಲಿ ಹಾಡಿದಾಗ ಹೆಂಗಸರು ಜೋರಾಗಿ ನಕ್ಕರು. ನನಗೆ ಗಾಬರಿ. ಆಮೇಲೆ ಗೊತ್ತಾಯಿತು, ತೆಲುಗಿನಲ್ಲಿ ಏಳು ಮೀನಿನ ಕಥೆ ಅಂತ ಇದೆ, ಎಲ್ಲ ಮಕ್ಕಳಿಗೂ ಬಾಯಿಪಾಠ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಗಿಸುತ್ತಾರೆ, ಒಂದು ಒಣಗುವುದಿಲ್ಲ. ಮೀನೇ ಮೀನೇ ಯಾಕೆ ಒಣಗಲಿಲ್ಲ ಅಂದರೆ ಹುಲ್ಲಿನ ಮೆದೆ ಅಡ್ಡ ಬಂತು ಅನ್ನುತ್ತದೆ. ಮೆದೆಯೇ ಯಾಕೆ ಅಂದರೆ ಹಸು ಮೇಯಲಿಲ್ಲ ಅನ್ನುತ್ತದೆ. ಹೀಗೇ ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾ ಹೋಗಿ ಕೊನೆಗೆ ಇರುವೆ ಸಿಗುತ್ತದೆ. ನನ್ನ ಚಿನ್ನದ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡ್ತೀನಾ ಅನ್ನುತ್ತದೆ ಇರುವೆ. ಕನ್ನಡದಲ್ಲೂ ಇಂಥ ಸರಪಳಿ ಕಥೆಗಳಿವೆಯಲ್ಲ. ಅವರಿಗೆ ನಮ್ಮ ನುಡಿ ಕೇಳಿದ ತಕ್ಷಣ ಆ ಕಥೆ ನೆನಪಾಗಿತ್ತು. ಒಬ್ಬಳು ಹುಡುಗಿ ‘ಇರುವೆ ಎಲ್ಲಿ ಅಣ್ಣಾ?’ ಅಂದಳು. ಹಾಡಿನಲ್ಲಿ ಇರುವೆ ಇನ್ನೂ ಬಂದಿಲ್ಲ. ಹುಡುಕುತ್ತಿದ್ದೇನೆ.

ಅಪ್ಪನಿಗೂ ಈ ಹಾಡು ಕೇಳಿಸಿದೆ. ಪೂರ್ತಿ ಕೇಳಿ, ‘ಆ ಕಾಲದಲ್ಲಿ ಮೆಷಿನ್ ಎಲ್ಲಿತ್ತು?’ ಅಂದರು. ಅದೂ ನಿಜವೇ. ಈಗ ಇದೆ, ಜೆಟ್ಟಿಂಗ್ ಮೆಷಿನ್ನು, ಸಕ್ಕಿಂಗ್ ಮೆಷಿನ್ನು ಎಲ್ಲ ಇದೆ. 2020ರಲ್ಲಿ ಕೇಂದ್ರ ಸರ್ಕಾರದವರು ಇನ್ನು ಮೇಲೆ ಮ್ಯಾನ್‌ಹೋಲ್ ಅನ್ನಬೇಡಿ, ಮೆಷಿನ್‌ಹೋಲ್ ಅನ್ನಿ ಅಂತಲೂ ಹೇಳಿದರು. ಹೆಸರು ಬದಲಾಯಿಸುವುದಕ್ಕೆ ಖರ್ಚಿಲ್ಲ. ಸಂದಿಯೊಳಗೆ ಮೆಷಿನ್ ಲಾರಿ ಹೋಗುವುದಿಲ್ಲ ಅಂದಾಗ ಮತ್ತೆ ಮನುಷ್ಯನೇ.

ಇನ್ನು ಹಾಡುವ ಮಾತು. ಬರೆಯುವುದಕ್ಕಿಂತ ನಾವು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ.

ತಮಟೆ ಅಂದರೆ ಕಾಲು ತಾನಾಗೇ ಕುಣಿಯುತ್ತದೆ. ಒಂದು ಕಾಲೇಜಿನಲ್ಲಿ ಹಾಡಿದಾಗ ಪಲ್ಲವಿಗೆ ಹುಡುಗರು ಎದ್ದು ಕುಣಿದರು, ಸೀಟಿ ಹೊಡೆದರು, ಒನ್ಸ್ ಮೋರ್ ಅಂದರು. ಅವರದೇನೂ ತಪ್ಪಿಲ್ಲ, ನಾವೇ ಕುಣಿಯುವ ಏಟು ಹಾಕಿದ್ದೆವು. ಸಾವಿನ ಹಾಡಿಗೆ ತಮಟೆಯೇ ಬೇಡ, ಬರೀ ಕೊಳಲು ಸಾಕು ಅಂತ ನಾನು ಅಂದೆ. ನಮ್ಮ ತಂಡದ ಹಿರಿಯ ತಮಟೆಯವರು ಬೈದರು. ‘ಸಾವಿಗೆ ತಮಟೆ ಹೊಡೆಯೋದು ನಮಗೆ ನೀವು ಹೇಳಿಕೊಡಬೇಕಾ?’ ಅಂದರು. ನಿಜ. ಊರಲ್ಲಿ ಯಾರು ಸತ್ತರೂ ಮುಂದೆ ನಡೆದವರು ಅವರೇ. ಮದುವೆಯ ಬಡಿತ ಬೇರೆ, ದೇವರದು ಬೇರೆ, ಸಾವಿನದು ಬೇರೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಈ ತಮಟೆಗೇ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಇವತ್ತಿಗೂ ಕೆಲವು ಊರಲ್ಲಿ ತಮಟೆಯವನನ್ನು ಬೀದಿಯ ಆ ಕಡೆಗೇ ನಿಲ್ಲಿಸುತ್ತಾರೆ. ಕೊನೆಗೆ ಅವರು ಸಾವಿನ ಬಡಿತವನ್ನೇ ಹಾಕಿದರು, ನಿಧಾನಕ್ಕೆ, ಎರಡು ಏಟಿನ ನಡುವೆ ಬೇಕಂತಲೇ ಜಾಗ ಬಿಟ್ಟು. ಈಗ ಯಾರೂ ಕುಣಿಯುವುದಿಲ್ಲ. ಒಂದಿಬ್ಬರು ಎದ್ದು ನಿಲ್ಲುತ್ತಾರೆ, ಆಮೇಲೆ ಏನು ಮಾಡಬೇಕು ಅಂತ ತೋಚದೆ ಕೂತುಕೊಳ್ಳುತ್ತಾರೆ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಒಂದು ಊರಲ್ಲಿ ಅವತ್ತು ನಮ್ಮನ್ನು ಕರೆದಿದ್ದರು. ಹೋದ ಮೇಲೆ ಆಯೋಜಕರು ಪಕ್ಕಕ್ಕೆ ಕರೆದು ‘ಇವತ್ತು ಸಂತೋಷದ ದಿನ, ಸಾವು ಗೀವು ಬೇಡ, ಸ್ವಚ್ಛತೆಯ ಯೋಧರು ಅಂತ ಏನಾದರೂ ಹಾಡಿ’ ಅಂದರು. ನಮ್ಮ ಹತ್ತಿರ ಅಂಥದ್ದು ಇರಲಿಲ್ಲ. ಊಟ ಮಾಡಿಕೊಂಡು ಬಂದೆವು. ಯೋಧ ಅಂದರೂ ಅಷ್ಟೆ, ಸತ್ತರೆ ವೀರಮರಣ ಅನ್ನಬಹುದು, ಕಳಿಸಿದವನನ್ನು ಯಾರೂ ಕೇಳುವುದಿಲ್ಲ.

ಕೊನೆಯ ನುಡಿಯ ಬಗ್ಗೆ ಹೇಳಿ ಮುಗಿಸುತ್ತೇನೆ. ಅದನ್ನು ಒಂದೇ ಉಸಿರಿಗೆ ಹಾಡಬೇಕು ಅಂತ ಇಟ್ಟುಕೊಂಡಿದ್ದೇವೆ. ಶರ್ಟು ಬಿಚ್ಚಿ ಮಡಿಸಿ ಗೋಡೆಯ ಮೇಲಿಟ್ಟ ಅಂತ ಶುರುವಾಗುತ್ತದೆ, ಮುಚ್ಚಳ, ಏಣಿ, ಹಗ್ಗ, ತಮ್ಮ ಕೂಗಿದ್ದು, ಹೀಗೆ ಹೋಗುತ್ತದೆ. ಹಾಡುವವಳು ನಡುವೆ ಉಸಿರು ಎಳೆಯುವುದಿಲ್ಲ. ತಮಟೆ ನಿಂತಿರುತ್ತದೆ. ಉಸಿರು ಎಲ್ಲಿ ಮುಗಿಯುತ್ತದೋ ನುಡಿ ಅಲ್ಲಿಗೆ ನಿಲ್ಲುತ್ತದೆ, ಪದ ಅರ್ಧವಾದರೂ ಸರಿ. ಒಂದೊಂದು ದಿನ ಒಂದೊಂದು ಕಡೆ ನಿಲ್ಲುತ್ತದೆ. ನೆಗಡಿ ಇದ್ದ ದಿನ ಏಣಿಯಲ್ಲೇ ನಿಂತಿತ್ತು. ಇದು ಗಿಮಿಕ್ ಅಂತ ಒಬ್ಬ ಗೆಳೆಯ ಅಂದ. ಇರಬಹುದು. ಆದರೆ ಕೇಳುತ್ತಾ ಕೂತವರು ಗೊತ್ತಿಲ್ಲದೆ ತಾವೂ ಉಸಿರು ಹಿಡಿದಿರುತ್ತಾರೆ, ವೇದಿಕೆಯಿಂದ ಅದು ಕಾಣುತ್ತದೆ. ಅವರಿಗೆ ಅಳುವುದಕ್ಕೆ ಪುರುಸೊತ್ತು ಇರುವುದಿಲ್ಲ.

ಇದನ್ನೂ ಕಾಲೋನಿಯಲ್ಲಿ ಹಾಡಿದೆವು. ಮುಗಿದ ಮೇಲೆ ಅದೇ ಅಮ್ಮನ ಮಗಳು ಹತ್ತಿರ ಬಂದರು. ಗಂಡನನ್ನು ಕಳೆದುಕೊಂಡವರು ಅವರೇ. ಹಾಡು ಚೆನ್ನಾಗಿದೆ ಅಣ್ಣಾ, ಎಲ್ಲ ಕಡೆ ಹಾಡಿ, ಆದರೆ ಕೊನೇದು ನಮ್ಮ ಬೀದಿಯಲ್ಲಿ ಬೇಡ, ಮಕ್ಕಳಿದ್ದಾರೆ, ಅಂದರು. ಅವತ್ತಿನಿಂದ ನಮ್ಮಲ್ಲಿ ಈ ಹಾಡು ಎರಡು ಥರ ಇದೆ. ಅಪಾರ್ಟ್‌ಮೆಂಟಿನಲ್ಲಿ, ಕಾಲೇಜಿನಲ್ಲಿ, ಇಂಥ ಸಭಾಂಗಣದಲ್ಲಿ ಉಸಿರಿನ ನುಡಿ ಇರುತ್ತದೆ. ಅವರ ಬೀದಿಯಲ್ಲಿ ಮೇಸ್ತ್ರಿ ಸಾಹೇಬರ ನುಡಿಗೇ ನಿಲ್ಲಿಸುತ್ತೇವೆ. ಅಲ್ಲಿ ಅವರು ಅದಕ್ಕೆ ತಾವೇ ಸಾಲು ಸೇರಿಸಿಕೊಂಡು ಹಾಡುತ್ತಾರೆ, ಅದರಲ್ಲಿ ಕೆಲವು ಬೈಗುಳ ಇವೆ, ಇಲ್ಲಿ ಹೇಳುವುದಿಲ್ಲ.

ಒಂದು ಅಪಾರ್ಟ್‌ಮೆಂಟಿನಲ್ಲಿ ಹಾಡಿದ ಮಾರನೇ ವಾರ ಅಲ್ಲಿಯ ಒಬ್ಬರು ಫೋನ್ ಮಾಡಿದರು. ‘ನಮ್ಮ ಚೇಂಬರ್ ಕಟ್ಟಿಕೊಂಡಿದೆ, ಪ್ಲಂಬರ್ ಒಬ್ಬ ಹುಡುಗನನ್ನು ಕರೆತಂದಿದ್ದಾನೆ, ಮೆಷಿನ್‌ನವರ ನಂಬರ್ ಇದೆಯಾ?’ ಅಂದರು. ಹಾಡು ಹೇಗಿತ್ತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜಲಮಂಡಳಿಯ 1916 ಕೊಟ್ಟೆ, ಆ ಹುಡುಗನಿಗೆ ಅವತ್ತಿನ ಕೂಲಿ ಕೊಟ್ಟು ಕಳಿಸಿ ಅಂದೆ. ಈಗ ಹಾಡು ಮುಗಿದ ಮೇಲೆ ಆ ನಂಬರನ್ನು ಎರಡು ಸಲ ಹೇಳುತ್ತೇವೆ.

ಮಾತು ಸಾಕು. ನಮ್ಮವು ಚರ್ಮದ ತಮಟೆ, ಫೈಬರ್ ಅಲ್ಲ, ಬೆಂಕಿಗೆ ಕಾಯಿಸಬೇಕು. ಹಿಂದುಗಡೆ ಹುಡುಗರು ಆಗಲೇ ಹುಲ್ಲು, ಪೇಪರು ಒಟ್ಟಿದ್ದಾರೆ. ಹತ್ತು ನಿಮಿಷ ಆಗುತ್ತದೆ. ಅಷ್ಟರಲ್ಲಿ ಟೀ ಕುಡಿದು ಬನ್ನಿ, ಹಾಡುತ್ತೇವೆ.